ಕಪಾಟಿನ ಚೀಟಿಯಲ್ಲಿ ಒಂದು ರೇಟು, ಬಿಲ್ಲಿನಲ್ಲಿ ಇನ್ನೊಂದು

ಶಿರಸಿಯ ಒಂದು ಸೂಪರ್ ಮಾರ್ಕೆಟ್‌ನಲ್ಲಿ ತೆಂಗಿನೆಣ್ಣೆ ತಗೊಂಡೆ. ಕಪಾಟಿನ ಚೀಟಿಯಲ್ಲಿ 210, ಬಿಲ್ಲಿನಲ್ಲಿ 245. ಕೇಳಿದರೆ "ಆಫರ್ ನಿನ್ನೆಗೇ ಮುಗಿದಿದೆ" ಅಂದರು. ಹಿಂದೆ ಸಾಲು ಬೇರೆ ಇತ್ತು, ಸುಮ್ನೆ ಕೊಟ್ಟು ಬಂದೆ. ಬಾಟಲಿ ಮೇಲೆ ಎಂಆರ್‌ಪಿ 260 ಇದೆ. ದೂರು ಕೊಡಬಹುದಾ?

ಉತ್ತರ 1: ಎಂಆರ್‌ಪಿ ದಾಟಿದ್ದರೆ ಕಾನೂನು ಮಾಪನ ಇಲಾಖೆಗೇ ದೂರು ಕೊಡಬಹುದಿತ್ತು. ಇದು ಹಾಗಲ್ಲ. ಆದರೂ ಹಳೇ ಚೀಟಿ ತೆಗೆಯದೆ ಬಿಟ್ಟದ್ದು ಅಂಗಡಿಯವರ ತಪ್ಪೇ ಅಲ್ವಾ? ಚೀಟಿಯ ಫೋಟೋ, ಬಿಲ್ಲು ಎರಡೂ ಇದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಉತ್ತರ 2: ನಾನು ಕಾರವಾರದಲ್ಲಿ ಬಿಲ್ಲಿಂಗ್ ಕೌಂಟರಿನಲ್ಲಿದ್ದೆ. ಅಲ್ಲಿ ಕೂತವರಿಗೆ ಬೈದು ಉಪಯೋಗವಿಲ್ಲ ಮಾರಾಯ್ರೆ, ಸ್ಕ್ಯಾನ್ ಆದ ರೇಟು ಬದಲಿಸುವ ಪಾಸ್‌ವರ್ಡ್ ನಮ್ಮಲ್ಲಿ ಮ್ಯಾನೇಜರ್ ಹತ್ತಿರ ಮಾತ್ರ ಇರುತ್ತಿತ್ತು. ದುಡ್ಡು ಕೊಡುವ ಮೊದಲೇ "ಇದೊಂದು ತೆಗೆದುಬಿಡಿ" ಅನ್ನಿ. ಮ್ಯಾನೇಜರ್ ತಾನಾಗಿ ಬರುತ್ತಾರೆ.

ಉತ್ತರ 3: 35 ರೂಪಾಯಿಗೆ ಕಾರವಾರದ ಗ್ರಾಹಕರ ಆಯೋಗಕ್ಕೆ ಘಟ್ಟ ಇಳಿದರೆ ಬಸ್ ಚಾರ್ಜೇ ಜಾಸ್ತಿ!

ಕೇಳಿದವರು: ಫೋಟೋ ತೆಗೆದಿಲ್ಲ. ಸಂಜೆ ಹೋಗುತ್ತೇನೆ, ಚೀಟಿ ಇನ್ನೂ ಅಲ್ಲೇ ಇದ್ದರೆ ತೆಗೆಯುತ್ತೇನೆ.