ರೇಸ್ ಕುದುರೆಗಳು ಮೊದಲಿಗಿಂತ ಜೋರಾಗಿ ಓಡುತ್ತಿವೆಯಾ? ಹುಡುಗಿಗೆ ಏನು ಹೇಳಲಿ?

ಕಾರವಾರದಿಂದ, ಶಿಕ್ಷಕಿ:

ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ವಿಜ್ಞಾನ ಗೋಷ್ಠಿಗೆ ಈ ವಿಷಯ ಹಿಡಿದಿದ್ದಾಳೆ. ಅಮೆರಿಕದ ಕೆಂಟಕಿ ಡರ್ಬಿಯಲ್ಲಿ ಸೆಕ್ರೆಟೇರಿಯಟ್ ಎಂಬ ಕುದುರೆ 1973ರಲ್ಲಿ ಒಂದೂಕಾಲು ಮೈಲಿಯನ್ನು 1 ನಿಮಿಷ 59.4 ಸೆಕೆಂಡಿನಲ್ಲಿ ಓಡಿತ್ತು. ಆ ದಾಖಲೆ ಇನ್ನೂ ಮುರಿದಿಲ್ಲ. ‘ಹಾಗಾದ್ರೆ ಇಲ್ಲ ಅಂತಲೇ ಬರೀಲಾ ಅಕ್ಕೋರೆ?’ ಅಂತ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ತಿಳಿದವರು ಹೇಳಿ.

ಶಿರಸಿಯಿಂದ:

ಅಕ್ಕೋರೆ, ನಾನು ಹನ್ನೊಂದು ವರ್ಷ ಬೆಂಗಳೂರಿನಲ್ಲಿ ರೇಸ್ ಕುದುರೆಗಳ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವ, ಆಗಿದ್ದೆ. ಈಗ ಊರಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದೇನೆ. ‘ಇಲ್ಲ’ ಅಂತ ಮಾತ್ರ ಬರೆಸಬೇಡಿ. ದಾಖಲೆ ಅಂದರೆ ಒಂದು ಕುದುರೆಯ ಒಂದು ದಿನದ ಓಟ. ಸೆಕ್ರೆಟೇರಿಯಟ್‌ನಂಥದ್ದು ಮತ್ತೆ ಹುಟ್ಟಲಿಲ್ಲ ಅಂದಮಾತ್ರಕ್ಕೆ ಉಳಿದ ಸಾವಿರಾರು ಕುದುರೆಗಳು ಇದ್ದಲ್ಲೇ ಇವೆ ಅಂತಲ್ಲ.

ಮೊದಲು ನೆಲ ನೋಡಬೇಕು. ರೇಸಿನ ದಿನ ಪೆನೆಟ್ರೋಮೀಟರ್ ಹಿಡಿದು ಟ್ರ್ಯಾಕ್ ಅಳೆಯುತ್ತಾರೆ. ಮೇಲಿಂದ ತೂಕ ಬಿಟ್ಟಾಗ ಸರಳು ಹುಲ್ಲುನೆಲದೊಳಗೆ ಎಷ್ಟು ಇಳಿಯಿತು ಅಂತ ನೋಡುವುದು. ರಾತ್ರಿ ಮಳೆ ಹೊಡೆದಿದ್ದರೆ ಜಾಸ್ತಿ ಇಳಿಯುತ್ತದೆ. ಅವತ್ತು ಎಲ್ಲ ಕುದುರೆಗಳಿಗೂ ಟೈಮ್ ಜಾಸ್ತಿ ಹಿಡಿಯುತ್ತದೆ. ನಾನು ಸಾಕಿದ ಕಂದು ಹೆಣ್ಣುಕುದುರೆ ಒಣ ನೆಲದಲ್ಲಿ 1200 ಮೀಟರ್ ಓಡಿ ಐದನೆಯದಾಗಿ ಬಂತು. ಮುಂದಿನ ತಿಂಗಳು ಕೆಸರಿನಲ್ಲಿ ಅದೇ ದೂರ ಓಡಿ ಗೆದ್ದಿತು. ಗೆದ್ದ ದಿನವೇ ಹೆಚ್ಚು ಸಮಯ ತಗೊಂಡಿತ್ತು! ಮೈ ಒರೆಸುತ್ತ ಅದರ ಕಾಲು ನೋಡಿದೆ, ಮೊಣಕಾಲಿನವರೆಗೂ ಕೆಸರು. ಬರೀ ಟೈಮ್ ನೋಡಿದವರಿಗೆ ಇದೆಲ್ಲಿ ಗೊತ್ತಾಗಬೇಕು ಹೇಳಿ.

ಜಾಕಿ, ಅಂದರೆ ಕುದುರೆ ಓಡಿಸುವ ಸವಾರ, ಕೂರುವ ರೀತಿಯೂ ಲೆಕ್ಕಕ್ಕೆ ಬರಬೇಕು. ಮೊದಲೆಲ್ಲ ನೆಟ್ಟಗೆ ಕೂತು ಓಡಿಸುತ್ತಿದ್ದರು. ಕಾಲಿಡುವ ರಿಕಾಪು ಗಿಡ್ಡ ಮಾಡಿ, ಮುಂದಕ್ಕೆ ಬಗ್ಗಿ ಕೂರುವ ರೀತಿ ಬಂದ ಮೇಲೆ, 1897ರಿಂದ 1910ರೊಳಗೆ, ರೇಸಿನ ಸಮಯ ಶೇಕಡಾ 5ರಿಂದ 7ರಷ್ಟು ಇಳಿಯಿತು. ಅಷ್ಟು ಬೇಗ ಕುದುರೆಯ ತಳಿ ಬದಲಾಗುವುದಿಲ್ಲ. ಕಾಲನ್ನು ಸ್ಪ್ರಿಂಗಿನ ಹಾಗೆ ಇಟ್ಟುಕೊಂಡು, ತನ್ನ ಭಾರ ಕುದುರೆಯ ಜೊತೆ ಮೇಲೆ ಕೆಳಗೆ ಕುಲುಕದ ಹಾಗೆ ಜಾಕಿ ನೋಡಿಕೊಂಡ, ಅಷ್ಟೇ.

ಕುಮಟಾದಿಂದ, ಗಣಿತ ಉಪನ್ಯಾಸಕ:

ಸೈಸ್ ಅಣ್ಣ ಹೇಳಿದ್ದನ್ನೇ ಲೆಕ್ಕ ಹಾಕಿ ನೋಡಿದವರಿದ್ದಾರೆ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಶರ್ಮನ್ ಮತ್ತು ಅಲಸ್ಟರ್ ವಿಲ್ಸನ್ ಅವರ ಅಧ್ಯಯನ 2015ರಲ್ಲಿ ಬಂತು. ಬ್ರಿಟನ್ನಿನಲ್ಲಿ 1850ರಿಂದ 2012ರವರೆಗೆ ನಡೆದ ರೇಸುಗಳ ಆರು ಲಕ್ಷಕ್ಕೂ ಹೆಚ್ಚು ಸಮಯಗಳನ್ನು ಅವರು ನೋಡಿದರು. ನೆಲ ಎಷ್ಟು ಮೆತ್ತಗಿತ್ತು ಅನ್ನುವುದನ್ನೂ ಲೆಕ್ಕಕ್ಕೆ ತಗೊಂಡರು. ಅದಕ್ಕೂ ಮೊದಲಿನ ಅಧ್ಯಯನಗಳು ಹೆಚ್ಚಾಗಿ ಕೆಲವೇ ದೊಡ್ಡ ರೇಸುಗಳ ಗೆಲುವಿನ ಸಮಯ ನೋಡಿ ‘ವೇಗ ನಿಂತುಹೋಗಿದೆ’ ಅಂದಿದ್ದವು. ಇವರಿಗೆ ಕಂಡದ್ದು ಬೇರೆ. ಕುದುರೆಗಳ ವೇಗ ಹೆಚ್ಚುತ್ತಿದೆ, ಅದರಲ್ಲೂ ಕಡಿಮೆ ದೂರದ ಓಟದಲ್ಲಿ. ಆರು ಫರ್ಲಾಂಗ್, ಅಂದರೆ ಸುಮಾರು 1200 ಮೀಟರ್ ಓಟದಲ್ಲಿ ಗೆಲ್ಲುವ ಸಮಯ 1997ರಿಂದ 15 ವರ್ಷದಲ್ಲಿ ಒಂದು ಸೆಕೆಂಡಿಗೂ ಮಿಕ್ಕಿ ಇಳಿದಿದೆ. ಅಷ್ಟರಲ್ಲಿ ಏಳು ಕುದುರೆ ಉದ್ದದ ಅಂತರ ಬೀಳುತ್ತದೆ!

ದೂರದ ಓಟಕ್ಕೆ ಇಂಗ್ಲೆಂಡಿನ ಎಪ್ಸಮ್ ಡರ್ಬಿ ನೋಡಿ. ಒಂದೂವರೆ ಮೈಲಿ. 1936ರಲ್ಲಿ ಮಹಮೂದ್ ಎಂಬ ಕುದುರೆ 2 ನಿಮಿಷ 33.8 ಸೆಕೆಂಡಿನಲ್ಲಿ ಗೆದ್ದಿತು. ಅದನ್ನು ಮುರಿಯಲು 1995ರವರೆಗೆ ಕಾಯಬೇಕಾಯಿತು. 2010ರಲ್ಲಿ ವರ್ಕ್‌ಫೋರ್ಸ್ 2 ನಿಮಿಷ 31.33ಕ್ಕೆ ತಂದಿತು. 74 ವರ್ಷಕ್ಕೆ ಎರಡೂವರೆ ಸೆಕೆಂಡು. ಹುಡುಗಿ ಎರಡು ಗ್ರಾಫ್ ಹಾಕಲಿ ಅಕ್ಕೋರೆ, ಹತ್ತಿರದ ಓಟಕ್ಕೊಂದು, ದೂರದ್ದಕ್ಕೊಂದು. ಎರಡನ್ನೂ ಕೂಡಿಸಿಬಿಟ್ಟರೆ ವಿಷಯವೇ ಮುಚ್ಚಿಹೋಗುತ್ತದೆ.

ಭಟ್ಕಳದಿಂದ:

ಬರೀ ಟೈಮ್ ನೋಡಿ ಹೋಲಿಸಬಾರದು ಅನ್ನುವುದಕ್ಕೆ ನಮ್ಮ ಕಡೆಯ ಮಕ್ಕಳಿಗೆ ಕಂಬಳದ ಉದಾಹರಣೆ ಬೇಗ ತಿಳಿಯುತ್ತದೆ. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು, ಅಂದರೆ ಕೆಸರಿನ ಓಟದ ದಾರಿಯನ್ನು, 13.62 ಸೆಕೆಂಡಿನಲ್ಲಿ ಓಡಿದರು. ಜನ ಅದನ್ನು 100 ಮೀಟರಿಗೆ ಇಳಿಸಿ 9.55 ಅಂತ ತೆಗೆದು ಉಸೇನ್ ಬೋಲ್ಟ್ ಜೊತೆ ಹೋಲಿಸಿದರು. ಕೋಣ ಎಳೆಯುವ ಓಟ ಬೇರೆ, ಒಬ್ಬನೇ ಓಡುವುದು ಬೇರೆ. ಗೌಡರೇ ಹೋಲಿಕೆ ಬೇಡ ಅಂದರು. ಅವರ ಓಟಕ್ಕೆ ಬೋಲ್ಟ್ ಹೆಸರು ಬೇಕಾಗಿಯೂ ಇರಲಿಲ್ಲ.

ಇನ್ನೊಂದು ಮಾತು. ವಿಜಯನಗರದ ಕಾಲದಲ್ಲಿ ಅರಬ್ ಕುದುರೆಗಳು ನಮ್ಮ ಭಟ್ಕಳದ ಬಂದರಿನಲ್ಲಿ ಇಳಿಯುತ್ತಿದ್ದವು. ಇವತ್ತಿನ ಥರೋಬ್ರೆಡ್, ಅಂದರೆ ರೇಸಿನ ತಳಿಯ, ಕುದುರೆಗಳ ಗಂಡುಮೂಲವೂ ಪೂರ್ವದಿಂದ ಇಂಗ್ಲೆಂಡಿಗೆ ಹೋದ ಮೂರೇ ಕುದುರೆಗಳು. ಅವುಗಳಲ್ಲಿ ಡಾರ್ಲಿ ಅರೇಬಿಯನ್ 1704ರಲ್ಲಿ ಅಲ್ಲಿಗೆ ಮುಟ್ಟಿತು. ಹುಡುಗಿ ಭಾಷಣವನ್ನು ನಮ್ಮ ಬಂದರಿನಿಂದಲೇ ಶುರು ಮಾಡಬಹುದಲ್ವಾ?

ಕಾರವಾರದಿಂದ, ಶಿಕ್ಷಕಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಂದರಿನಿಂದ ಶುರು ಮಾಡುವುದು ಅವಳಿಗೆ ಬಹಳ ಹಿಡಿಸಿದೆ. ‘ಇಲ್ಲ’ ಅನ್ನುವುದನ್ನು ಹೊಡೆದುಹಾಕಿ ‘ಎಷ್ಟು ದೂರದ ಓಟ?’ ಅಂತ ಬರೆದಿದ್ದಾಳೆ. ಸೈಸ್ ಅಣ್ಣ, ನಿಮ್ಮ ಹೆಣ್ಣುಕುದುರೆಯ ಎರಡೂ ಟೈಮ್ ಸಿಗಬಹುದಾ? ಚಾರ್ಟಿನಲ್ಲಿ ಹಾಕಬೇಕಂತೆ.

ಶಿರಸಿಯಿಂದ:

ಸೋತ ದಿನ 1 ನಿಮಿಷ 13.9, ಗೆದ್ದ ದಿನ 1 ನಿಮಿಷ 16.2. ರೇಸ್ ಕಾರ್ಡಿನ ಹಿಂದೆ ಬರೆದಿಟ್ಟಿದ್ದೆ, ಇನ್ನೂ ಇದೆ. ಫೋಟೋ ತೆಗೆದು ಕಳಿಸುತ್ತೇನೆ. ಟೈಮಿನ ಪಕ್ಕ ನೆಲ ಹೇಗಿತ್ತು ಅಂತಲೂ ಬರೆಯಲು ಹೇಳಿ.