ಕೋಚ್ ಬರೆದ ಇಮೇಲಿಗೆ ಬೆಲೆ ಎಷ್ಟು? ಅಮೆರಿಕದ ಸಣ್ಣ ಕಾಲೇಜುಗಳ ಕ್ರೀಡೆ ಕುರಿತು ಪ್ರಶ್ನೋತ್ತರ

ಪ್ರಶ್ನೆ (ಅರ್ವೈನ್‌ನ ಒಬ್ಬ ತಂದೆ): ನಮಸ್ಕಾರ ಸರ್. ನಾವು ಹಾಸನದ ಕಡೆಯವರು, ಹದಿನಾಲ್ಕು ವರ್ಷಗಳಿಂದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಮಗಳು ಹನ್ನೊಂದನೆಯ ತರಗತಿ, ಚಿಕ್ಕಂದಿನಿಂದ ಟೆನಿಸ್ ಆಡುತ್ತಾಳೆ. ಹೋದ ವಾರ ಲಾಸ್ ಏಂಜಲೀಸ್ ಬಳಿಯ ಒಂದು ಸಣ್ಣ ಖಾಸಗಿ ಕಾಲೇಜಿನ ಕೋಚ್, ‘ನಿನ್ನ ಆಟ ಹಿಡಿಸಿದೆ, ಬೇಸಿಗೆ ಶಿಬಿರಕ್ಕೆ ಬಾ’ ಎಂದು ಇಮೇಲ್ ಬರೆದಿದ್ದಾರೆ. ಅಂದಿನಿಂದ ಮನೆಯಲ್ಲಿ ಎರಡು ಪಕ್ಷ. ನನ್ನ ಹೆಂಡತಿ ವಿದ್ಯಾರ್ಥಿವೇತನ ಬಂದೇಬಿಟ್ಟಿತೆಂದು ಲೆಕ್ಕ ಹಾಕುತ್ತಿದ್ದಾಳೆ. ನನಗೋ ಆ ಕಾಲೇಜು ಆಡುವುದು ‘ಡಿವಿಷನ್ ಮೂರು’ರಲ್ಲಿ ಎಂದು ಓದಿದ ಕೂಡಲೇ ಎಸ್ಸೆಸ್ಸೆಲ್ಸಿಯ ಥರ್ಡ್ ಕ್ಲಾಸ್ ನೆನಪಾಯಿತು. ಯಾರ ಮಾತು ಸರಿ?

ಉತ್ತರ: ಬೇಸರಿಸಬೇಡಿ, ಇಬ್ಬರದೂ ತಪ್ಪು. ಇಂಥದೇ ಒಂದು ಕಾಲೇಜಿನಲ್ಲಿ ಎಂಟು ವರ್ಷ ಸಹಾಯಕ ಕೋಚ್ ಆಗಿದ್ದೆ, ಈಗ ಕಾಲೇಜು ಪ್ರವೇಶದ ಸಲಹೆಗಾರನಾಗಿದ್ದೇನೆ. ಎರಡೂ ಕಡೆಯ ಮೇಜಿನ ಮುಂದೆ ಕುಳಿತವನ ಮಾತೆಂದು ಓದಿ.

ಮೊದಲು ನಿಮ್ಮ ಥರ್ಡ್ ಕ್ಲಾಸ್. ಎನ್‌ಸಿಎಎ ಎಂಬ, ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ರಾಷ್ಟ್ರೀಯ ಸಂಸ್ಥೆ 1973ರಲ್ಲಿ ಕಾಲೇಜುಗಳನ್ನು ಮೂರು ಡಿವಿಷನ್‌ಗಳಾಗಿ ವಿಂಗಡಿಸಿತು. ವಿಂಗಡಣೆ ಓದಿನ ಮಟ್ಟದ ಮೇಲಲ್ಲ, ಕ್ರೀಡೆಗೆ ಕಾಲೇಜು ಹೇಗೆ ಹಣ ಸುರಿಯುತ್ತದೆ ಎಂಬುದರ ಮೇಲೆ. ಮೂರನೆಯ ಡಿವಿಷನ್‌ನಲ್ಲಿ ಕ್ರೀಡಾ ವಿದ್ಯಾರ್ಥಿವೇತನ ಇಲ್ಲವೇ ಇಲ್ಲ. ಈ ಡಿವಿಷನ್‌ನ ಹೆಚ್ಚಿನ ಕಾಲೇಜುಗಳು ಖಾಸಗಿ, ಬಹುತೇಕ ಸಣ್ಣವು. ಕ್ಯಾಲ್‌ಟೆಕ್ ಗೊತ್ತಲ್ಲ? ನೊಬೆಲ್ ವಿಜ್ಞಾನಿಗಳು ತುಂಬಿರುವ ಆ ಸಂಸ್ಥೆಯ ಪದವಿ ವಿದ್ಯಾರ್ಥಿಗಳು ಸುಮಾರು ಒಂದು ಸಾವಿರ, ಆಡುವುದು ಇದೇ ಮೂರನೆಯ ಡಿವಿಷನ್‌ನಲ್ಲಿ. ಅದರ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ ತನ್ನ ಕಾನ್ಫರೆನ್ಸ್‌ನಲ್ಲಿ, ಅಂದರೆ ತಮ್ಮತಮ್ಮಲ್ಲೇ ಆಡುವ ಕಾಲೇಜುಗಳ ಕೂಟದಲ್ಲಿ, ಸತತ 310 ಪಂದ್ಯ ಸೋತಿತ್ತು. ಇಪ್ಪತ್ತಾರು ವರ್ಷಗಳ ಸೋಲು! 2011ರ ಫೆಬ್ರುವರಿ 22ರಂದು ಆಕ್ಸಿಡೆಂಟಲ್ ಕಾಲೇಜನ್ನು 46–45ರಿಂದ ಸೋಲಿಸಿದಾಗ ಪಾಸಡೀನಾದಲ್ಲಿ ಹಬ್ಬವಾಯಿತು. ಅಷ್ಟು ಸೋತರೂ ತಂಡವನ್ನು ಮುಚ್ಚಲಿಲ್ಲ, ಆಟಗಾರರನ್ನು ಕೊಂಡು ತರಲಿಲ್ಲ. ನನಗೆ ಆ ಹಟ ಇಷ್ಟ.

ಇನ್ನು ನಿಮ್ಮ ಮನೆಯವರ ಲೆಕ್ಕ. ಆಟಕ್ಕಾಗಿ ಹಣವಿಲ್ಲ ಎಂದೆನಲ್ಲ, ಹಿಂಬಾಗಿಲಿನಿಂದಲೂ ಇಲ್ಲ. ಕ್ರೀಡಾಪಟುಗಳಿಗೆ ಸಿಕ್ಕ ನೆರವು ಉಳಿದವರಿಗಿಂತ ಹೆಚ್ಚಾಗಿದೆಯೇ ಎಂದು ಎನ್‌ಸಿಎಎ ವರ್ಷವರ್ಷವೂ ಕಾಲೇಜುಗಳಿಂದ ಲೆಕ್ಕ ತರಿಸಿಕೊಳ್ಳುತ್ತದೆ. ಕುಟುಂಬದ ವರಮಾನ ನೋಡಿ ಕೊಡುವ ನೆರವು, ಕೆಲವೆಡೆ ಅಂಕಗಳಿಗೆ ಕೊಡುವ ನೆರವು, ಇವೆರಡೇ ದಾರಿ. ಪೊಮೋನಾ ಕಾಲೇಜಿನಲ್ಲಿ ಎರಡನೆಯದೂ ಇಲ್ಲ, ವರಮಾನ ನೋಡಿಯೇ ಕೊಡುತ್ತಾರೆ. ಇಂಥ ಕಾಲೇಜುಗಳಲ್ಲಿ ಊಟ, ವಸತಿ ಸೇರಿ ವರ್ಷಕ್ಕೆ 80 ಸಾವಿರ ಡಾಲರ್ ದಾಟುವುದು ಈಗ ಸಾಮಾನ್ಯ. ನಿಮಗೆ ಎಷ್ಟು ಬೀಳುತ್ತದೆ ಎಂದು ಅಂದಾಜು ಮಾಡುವ ಸಾಧನ ಪ್ರತಿ ಕಾಲೇಜಿನ ಜಾಲತಾಣದಲ್ಲೂ ಇರಲೇಬೇಕೆಂದು ಕಾನೂನಿದೆ. ಶಿಬಿರಕ್ಕೆ ದುಡ್ಡು ಕಟ್ಟುವ ಮೊದಲು ಅರ್ಧ ಗಂಟೆ ಅದರ ಮುಂದೆ ಇಬ್ಬರೂ ಕುಳಿತುಕೊಳ್ಳಿ.

ಪ್ರಶ್ನೆ (ಮಂಗಳೂರಿನ ದೈಹಿಕ ಶಿಕ್ಷಣ ಬೋಧಕರು): ನಮ್ಮಲ್ಲಿ ಇದಕ್ಕೆ ತಿರುವುಮುರುವು. ಮೂಡುಬಿದಿರೆಯ ಆಳ್ವಾಸ್‌ನಂಥ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಊಟ, ವಸತಿ, ಓದು ಎಲ್ಲವನ್ನೂ ಉಚಿತವಾಗಿ ಕೊಡುತ್ತದೆ. ಹಣವೂ ಇಲ್ಲ, ಟಿವಿಯಲ್ಲಿ ಹೆಸರೂ ಇಲ್ಲ ಎಂದರೆ ಆ ಕಾಲೇಜುಗಳಿಗೆ ತಂಡ ಏಕೆ ಬೇಕು? ಕಾನ್ಫರೆನ್ಸ್ ಎಂದರೆ ನಮ್ಮ ಅಂತರ ಕಾಲೇಜು ವಲಯ ಇದ್ದ ಹಾಗೆಯೇ?

ಉತ್ತರ: ಒಳ್ಳೆಯ ಪ್ರಶ್ನೆ ಸರ್. ನಮ್ಮ ವಲಯವನ್ನು ವಿಶ್ವವಿದ್ಯಾಲಯ ಮೇಲಿನಿಂದ ಗೆರೆ ಎಳೆದು ಮಾಡುತ್ತದೆ. ಕಾನ್ಫರೆನ್ಸ್ ಹಾಗಲ್ಲ, ಸರೀಕರು ಸೇರಿ ಕಟ್ಟಿಕೊಂಡ ಕೂಟ. ದಕ್ಷಿಣ ಕ್ಯಾಲಿಫೋರ್ನಿಯಾದ್ದು 1915ರಲ್ಲಿ ಹುಟ್ಟಿತು. ಆಕ್ಸಿಡೆಂಟಲ್, ಪೊಮೋನಾ, ರೆಡ್‌ಲ್ಯಾಂಡ್ಸ್, ವಿಟ್ಟಿಯರ್, ಆಗ ಥ್ರೂಪ್ ಎಂದಿದ್ದ ಕ್ಯಾಲ್‌ಟೆಕ್, ಈ ಐದು ಮೂಲ ಸದಸ್ಯರು. ಬೆಳಿಗ್ಗೆ ಬಸ್ ಹತ್ತಿದರೆ ಆಡಿ ರಾತ್ರಿಗೆ ಹಾಸ್ಟೆಲ್‌ಗೆ ಮರಳಬಹುದಾದ ದೂರ. ಹೋಟೆಲ್ ಖರ್ಚಿಲ್ಲ, ಮರುದಿನದ ತರಗತಿ ತಪ್ಪುವುದಿಲ್ಲ. ಬಹುತೇಕ ಆಟಗಳಲ್ಲಿ ಗೆದ್ದ ಕಾಲೇಜಿಗೆ ರಾಷ್ಟ್ರೀಯ ಪಂದ್ಯಾವಳಿಗೆ ನೇರ ಪ್ರವೇಶವೂ ಸಿಗುತ್ತದೆ.

ಕ್ಲೇರ್‌ಮಾಂಟ್ ಊರಿನಲ್ಲಂತೂ ವಿಚಿತ್ರ ಏರ್ಪಾಡು. ಅಕ್ಕಪಕ್ಕ ಐದು ಪದವಿ ಕಾಲೇಜುಗಳಿವೆ, ತಂಡಗಳು ಎರಡೇ. ಪೊಮೋನಾ ಮತ್ತು ಪಿಟ್ಜರ್ ಸೇರಿ ಒಂದು, ಕ್ಲೇರ್‌ಮಾಂಟ್ ಮೆಕೆನ್ನಾ, ಹಾರ್ವಿ ಮಡ್, ಸ್ಕ್ರಿಪ್ಸ್ ಸೇರಿ ಇನ್ನೊಂದು. ನಡುವೆ ಸಿಕ್ಸ್ತ್ ಸ್ಟ್ರೀಟ್ ಎಂಬ ಬೀದಿ, ಪೈಪೋಟಿಗೂ ಅದರದೇ ಹೆಸರು. ತರಗತಿಯಲ್ಲಿ ಒಂದೇ ಬೆಂಚು, ಸಂಜೆ ಎದುರಾಳಿಗಳು. ಬ್ಯಾಸ್ಕೆಟ್‌ಬಾಲ್‌ನ ದೊಡ್ಡ ಹೆಸರಾದ ಗ್ರೆಗ್ ಪೊಪೊವಿಚ್ ವೃತ್ತಿಪರ ಲೀಗ್ ಆದ ಎನ್‌ಬಿಎಗೆ ಹೋಗುವ ಮೊದಲು ಪೊಮೋನಾ-ಪಿಟ್ಜರ್ ಕೋಚ್ ಆಗಿದ್ದವರು.

ತಂಡ ಏಕೆ ಬೇಕು ಎಂದಿರಿ. ಆದರ್ಶವನ್ನು ಬದಿಗಿಟ್ಟು ಹೇಳುತ್ತೇನೆ: ಸಣ್ಣ ಕಾಲೇಜಿಗೆ ಕ್ರೀಡಾಪಟು ಎಂದರೆ ಶುಲ್ಕ ಕಟ್ಟುವ ವಿದ್ಯಾರ್ಥಿ. ಅಮೆರಿಕನ್ ಫುಟ್‌ಬಾಲ್ ತಂಡವಿದ್ದರೆ ಎಷ್ಟೋ ಹುಡುಗರು ಆಟದ ಆಸೆಗೆ ಬಂದು ಸೇರುತ್ತಾರೆ. ಎಷ್ಟು ಜನರನ್ನು ಕರೆತಂದೆ ಎಂದು ಕೋಚ್‌ಗಳನ್ನು ಕೇಳುವ ಕಾಲೇಜುಗಳಿವೆ. ನಾನಿದ್ದ ಕಡೆ ಗೆಲುವಿನ ಪಟ್ಟಿಗಿಂತ ಆ ಪಟ್ಟಿಯನ್ನೇ ಮೊದಲು ನೋಡುತ್ತಿದ್ದರು. ಖರ್ಚು ಮೀರಿದಾಗ ಕತ್ತರಿ ಬೀಳುವುದೂ ಇಲ್ಲಿಗೇ. ಆಕ್ಸಿಡೆಂಟಲ್ 2020ರಲ್ಲಿ ಫುಟ್‌ಬಾಲ್ ನಿಲ್ಲಿಸಿತು. ವಿಟ್ಟಿಯರ್ 2022ರಲ್ಲಿ ಫುಟ್‌ಬಾಲ್ ಜೊತೆಗೆ ಗಾಲ್ಫ್ ಮತ್ತು ಪುರುಷರ ಲಕ್ರಾಸ್ ತಂಡಗಳನ್ನೂ ಕೈಬಿಟ್ಟಿತು. ಮುಂದೆ ಅಮೆರಿಕದ ಅಧ್ಯಕ್ಷರಾದ ರಿಚರ್ಡ್ ನಿಕ್ಸನ್ ವಿದ್ಯಾರ್ಥಿಯಾಗಿ ಬೆಂಚು ಕಾಯಿಸಿದ್ದು ಅದೇ ಫುಟ್‌ಬಾಲ್ ತಂಡದಲ್ಲಿ.

ಪ್ರಶ್ನೆ (ಅದೇ ತಂದೆ): ಹಣವಿಲ್ಲ ಎಂದ ಮೇಲೆ ಕೋಚ್‌ರ ಇಮೇಲಿನಿಂದ ನಮಗೇನು ಲಾಭ? ಇನ್ನೊಂದು ವಿಷಯ, ನಮ್ಮ ಗ್ರೀನ್ ಕಾರ್ಡ್ ಇನ್ನೂ ಸರದಿಯಲ್ಲಿದೆ. ಮಗಳು ಎಚ್-4 ವೀಸಾದಲ್ಲಿದ್ದಾಳೆ, ಉದ್ಯೋಗ ವೀಸಾದವರ ಅವಲಂಬಿತರಿಗೆ ಕೊಡುವಂಥದು.

ಉತ್ತರ: ಲಾಭವಿರುವುದು ಪ್ರವೇಶದಲ್ಲಿ. ನೂರು ಅರ್ಜಿಯಲ್ಲಿ ಹತ್ತಕ್ಕಿಂತ ಕಡಿಮೆ ಆರಿಸುವ ಕಾಲೇಜುಗಳೂ ಇವುಗಳಲ್ಲಿವೆ. ಅಂಥಲ್ಲಿ ‘ಈ ಹುಡುಗಿ ನನಗೆ ಬೇಕು’ ಎಂದು ಕೋಚ್ ಪ್ರವೇಶ ಕಚೇರಿಗೆ ಹೇಳಿದರೆ ತೂಕವಿರುತ್ತದೆ. ಎಲ್ಲ ಕಡೆ ಒಂದೇ ತೂಕವಲ್ಲ, ಅಂಕ ಕಡಿಮೆಯಿದ್ದರೆ ತೂಕವೇ ಇಲ್ಲ.

ಆದರೆ ನಿಮ್ಮ ಕೈಗೆ ಬಂದಿರುವುದು ಆ ಮಾತಲ್ಲ, ಶಿಬಿರದ ಕರಪತ್ರ. ಅಂಥದೇ ಪತ್ರ ನೂರಾರು ಮನೆಗಳಿಗೆ ಹೋಗಿರುತ್ತದೆ. ನಾನೇ ಕಳಿಸಿದ್ದೇನೆ, ಹೆಸರಿನ ಜಾಗ ಮಾತ್ರ ಬದಲಾಗುತ್ತಿತ್ತು. ಮಗಳೇ ಕೋಚ್‌ಗೆ ಬರೆಯಲಿ, ನೀವು ಬರೆಯಬೇಡಿ. ಅಪ್ಪಂದಿರ ಇಮೇಲನ್ನು ನಾವು ನಗುತ್ತ ಓದುತ್ತಿದ್ದೆವು. ಕೇಳಬೇಕಾದ್ದು ಒಂದೇ: ‘ನನ್ನ ಅಂಕಪಟ್ಟಿಯನ್ನು ಪ್ರವೇಶ ಕಚೇರಿಗೆ ಮುಂಚಿತವಾಗಿ ಓದಲು ಕೊಡುತ್ತೀರಾ?’ ಇದಕ್ಕೆ ಪ್ರೀ-ರೀಡ್ ಎನ್ನುತ್ತಾರೆ. ಹನ್ನೊಂದನೆಯ ತರಗತಿ ಮುಗಿದ ಬೇಸಿಗೆಯಲ್ಲಿ, ಸಾಮಾನ್ಯವಾಗಿ ಜುಲೈನಲ್ಲಿ ನಡೆಯುತ್ತದೆ. ಮನಸ್ಸಿದ್ದ ಕೋಚ್ ಒಪ್ಪುತ್ತಾರೆ, ಇಲ್ಲದವರು ಮಾತು ತೇಲಿಸುತ್ತಾರೆ. ಒಪ್ಪಿದವರು ಮುಂದೆ, ಸಿಕ್ಕರೆ ಸೇರಲೇಬೇಕೆಂಬ ಕರಾರಿನ ಅರ್ಲಿ ಡಿಸಿಷನ್ ಅರ್ಜಿ ಹಾಕಿಸಲು ನೋಡುತ್ತಾರೆ. ಹಣದ ಅಂದಾಜು ಬರಹದಲ್ಲಿ ಬರುವವರೆಗೆ ಅದಕ್ಕೆ ಹೂಂ ಎನ್ನಬೇಡಿ.

ಎಚ್-4 ವಿಷಯ ಮೊದಲೇ ಹೇಳಬೇಕಿತ್ತು. ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಆಕೆಗೆ ಸಿಗುವುದಿಲ್ಲ, ಮುಖ್ಯ ದಾರಿ ಕಾಲೇಜಿನ ಸ್ವಂತ ಹಣ. ಕೆಲವು ಕಾಲೇಜುಗಳು ಇಂಥ ಮಕ್ಕಳನ್ನು ವಿದೇಶಿ ವಿದ್ಯಾರ್ಥಿಗಳ ಸಾಲಿಗೆ ಸೇರಿಸುತ್ತವೆ, ಅಲ್ಲಿ ನೆರವು ಕೇಳುವುದೇ ಪ್ರವೇಶಕ್ಕೆ ಅಡ್ಡಿಯಾಗಬಹುದು. ‘ನಮ್ಮನ್ನು ಯಾವ ಸಾಲಿನಲ್ಲಿ ಇಡುತ್ತೀರಿ’ ಎಂದು ಪ್ರವೇಶ ಕಚೇರಿಯನ್ನೇ ಕೇಳಿ. ಕೋಚ್‌ಗೆ ಇದು ಗೊತ್ತಿರುವುದಿಲ್ಲ. ಇಪ್ಪತ್ತೊಂದು ತುಂಬುವವರೆಗೆ ಕಾರ್ಡ್ ಬರದಿದ್ದರೆ ಎಚ್-4 ನಿಲ್ಲುತ್ತದೆ, ಓದಿನ ನಡುವೆಯೇ ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕಾಗುತ್ತದೆ. ಇದಕ್ಕೆ ವಕೀಲರನ್ನು ನೋಡಿ, ನನ್ನನ್ನಲ್ಲ.

ಪ್ರಶ್ನೆ (ಸ್ಯಾನ್ ಡಿಯೇಗೊದ ಒಬ್ಬ ತಾಯಿ): ಸರ್, ನಮ್ಮವನು ಈಜುಗಾರ, ಎಂಜಿನಿಯರಿಂಗ್ ಓದಬೇಕೆನ್ನುತ್ತಾನೆ. ಆಟ, ಓದು ಎರಡನ್ನೂ ಸಂಭಾಳಿಸಲು ಆಗುತ್ತದೆಯೇ?

ಉತ್ತರ: ಆಗುತ್ತದೆ ಮೇಡಂ, ನಿದ್ದೆ ಕಡಿಮೆಯಾಗುತ್ತದೆ. ಎಂಜಿನಿಯರಿಂಗ್‌ಗೆ ಹೆಸರಾದ ಹಾರ್ವಿ ಮಡ್‌ನ ಮಕ್ಕಳು ಮಾಡುತ್ತಿದ್ದಾರೆ. ಆಟ ಬಿಟ್ಟರೂ ನೆರವು ನಿಲ್ಲುವುದಿಲ್ಲ ಎಂಬುದೇ ಮೂರನೆಯ ಡಿವಿಷನ್‌ನ ದೊಡ್ಡ ಅನುಕೂಲ. ಭುಜ ನೋವಾಗಿ ಎರಡನೆಯ ವರ್ಷ ಈಜು ಬಿಟ್ಟ ಹುಡುಗನೊಬ್ಬ ನನ್ನ ಕಣ್ಣೆದುರೇ ನೆಮ್ಮದಿಯಾಗಿ ಪದವಿ ಮುಗಿಸಿದ. ಭೇಟಿಗೆ ಹೋದಾಗ ಕೋಚ್‌ರನ್ನು ಬಿಟ್ಟು ಮೂರನೆಯ ವರ್ಷದ ಈಜುಗಾರರನ್ನು ಮಾತನಾಡಿಸಿ. ಮೊದಲ ವರ್ಷ ಜೊತೆಗಿದ್ದವರಲ್ಲಿ ಎಷ್ಟು ಜನ ಉಳಿದಿದ್ದಾರೆ ಎಂದು ಕೇಳಿ.

ಅದೇ ತಂದೆ (ಒಂಬತ್ತು ದಿನಗಳ ನಂತರ): ಮಗಳೇ ಬರೆದಳು ಸರ್. ಪ್ರೀ-ರೀಡ್ ಜೊತೆಗೆ, ಮಂಗಳವಾರ ಮಧ್ಯಾಹ್ನ ರಸಾಯನಶಾಸ್ತ್ರದ ಪ್ರಯೋಗಾಲಯವಿದ್ದರೆ ಅಭ್ಯಾಸಕ್ಕೆ ತಡವಾಗಿ ಬರಬಹುದೇ ಎಂದೂ ಕೇಳಿದ್ದಾಳೆ, ನನಗೆ ಹೊಳೆದಿರಲಿಲ್ಲ. ಎರಡನೆಯದಕ್ಕೆ ಎರಡೇ ಗಂಟೆಯಲ್ಲಿ ‘ಖಂಡಿತ’ ಎಂದು ಉತ್ತರ ಬಂತು. ಮೊದಲನೆಯದಕ್ಕೆ ಇನ್ನೂ ಬಂದಿಲ್ಲ.

ಉತ್ತರ: ಇನ್ನೊಂದು ವಾರ ಕಾಯಿರಿ. ಅಷ್ಟರಲ್ಲಿ ಬೇರೆ ನಾಲ್ಕು ಕಾಲೇಜುಗಳಿಗೂ ಆಕೆ ಅದೇ ಎರಡು ಪ್ರಶ್ನೆಗಳನ್ನು ಬರೆದು ಕಳಿಸಲಿ.