ಸಹಾಯ ಬೇಕು: ಬೆಳಗಿನ ತಿಂಡಿ ಬಿಡಬೇಕಾ, ತಿನ್ನಬೇಕಾ?

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ, ತೂಕ 74 ಕೆಜಿ. ಎರಡು ತಿಂಗಳಿಂದ ತಿಂಡಿ ಬಿಟ್ಟಿದ್ದೇನೆ. ಬೆಳಗ್ಗೆ ಒಂದು ಲೋಟ ಕಾಫಿ, ಅಷ್ಟೇ. ಇಳಿದಿದ್ದು ಬರೀ ಒಂದೂವರೆ ಕೆಜಿ.

ಹನ್ನೊಂದು ಗಂಟೆಗೆ ಹೊಟ್ಟೆ ಚುರುಗುಟ್ಟುತ್ತದೆ. ಆಫೀಸಿನ ಕೆಳಗೇ ಬೇಕರಿ ಬೇರೆ. ಮೊನ್ನೆ ಎರಡು ಪಫ್ಸ್ ತಿಂದು ಬಂದೆ! ಅದಕ್ಕಿಂತ ಮನೆಯಲ್ಲೇ ಎರಡು ಇಡ್ಲಿ ತಿಂದಿದ್ದರೆ ವಾಸಿ ಅಲ್ವಾ? "ತಿಂಡಿ ಬಿಟ್ಟರೆ ಪಿತ್ತ ಏರುತ್ತೆ ಕಣಮ್ಮ" ಅಂತ ಅತ್ತೆ ದಿನಾ ಹೇಳುತ್ತಾರೆ.

2019ರಲ್ಲಿ ಬಿಎಂಜೆ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ 13 ಪ್ರಯೋಗಗಳನ್ನು ಒಟ್ಟಿಗೆ ನೋಡಿದ ಲೇಖನ ಬಂದಿತ್ತು. ತಿಂಡಿ ತಿಂದವರು ದಿನಕ್ಕೆ ಸುಮಾರು 260 ಕ್ಯಾಲರಿ ಜಾಸ್ತಿ ತಿಂದಿದ್ದರಂತೆ. ತೂಕದ ವ್ಯತ್ಯಾಸ ಮಾತ್ರ ಅರ್ಧ ಕೆಜಿಯೂ ಇಲ್ಲ. ಇಷ್ಟಕ್ಕಾಗಿ ಸುಮ್ನೆ ಹಸಿದುಕೊಂಡಿರಬೇಕಾ?

ಈಗ ಯಜಮಾನರೂ ತಿಂಡಿ ಬಿಡುತ್ತೇನೆ ಅಂತಿದ್ದಾರೆ. ಅವರು ಶುಗರ್‌ಗೆ ಗ್ಲಿಮೆಪಿರೈಡ್ ಮಾತ್ರೆ ತಗೊಳ್ಳುತ್ತಾರೆ. ಅದನ್ನು ನುಂಗಿ ಏನೂ ತಿನ್ನದಿದ್ದರೆ ಶುಗರ್ ತೀರಾ ಇಳಿದುಬಿಡಬಹುದು. ಡಾಕ್ಟರನ್ನು ಕೇಳುವವರೆಗೆ ಬೇಡವೇ ಬೇಡ ಎಂದಿದ್ದೇನೆ.

ತಿಂಡಿ ತಿಂದುಕೊಂಡೇ ತೂಕ ಇಳಿಸಿದವರು ಯಾರಾದರೂ ಇದ್ದೀರಾ? ಬೆಳಗ್ಗೆ ಏನು, ಎಷ್ಟು ತಿನ್ನುತ್ತಿದ್ದಿರಿ? ಮಧ್ಯಾಹ್ನದವರೆಗೆ ಹಸಿವು ತಡೆಯುತ್ತಿತ್ತಾ? ಹೆಸರುಕಾಳು ದೋಸೆ, ಮೊಟ್ಟೆ ಎರಡೂ ನಮಗೆ ಆಗುತ್ತದೆ. ಓಟ್ಸ್ ಮಾತ್ರ ಹೇಳಬೇಡಿ, ತಂದಿಟ್ಟ ಪ್ಯಾಕೆಟ್ ಹಾಗೇ ಹುಳ ಹಿಡಿದಿದೆ.